ಪಾದದಮ್ಮನ ಅಚ್ಚು

ಪರದೇಶದ ಕಲಾ ಸಂಗ್ರಹಾಲಯದವರು ಕಳಿಸಿದ ವಿವರದ ಕೊನೆಯ ಸಾಲಿನಲ್ಲಿ ‘ಪಾದಗಳಿಲ್ಲ’ ಎಂದಿತ್ತು. ನಿಂತಿರುವ ದೇವಿ, ಬಳಪದ ಕಲ್ಲು, ಆಳೆತ್ತರಕ್ಕಿಂತ ತುಸು ಕಡಿಮೆ, ಕಣಕಾಲಿನ ಬಳಿ ಓರೆಯಾಗಿ ಮುರಿದಿದೆ.

ಕಲ್ಲಿನ ಶಿಲ್ಪಗಳನ್ನು ಶುಚಿಗೊಳಿಸುವುದು, ಬಿರುಕು ಮುಚ್ಚುವುದು, ಬೀಳದಂತೆ ನಿಲ್ಲಿಸುವುದು ನನ್ನ ಕೆಲಸ. ತರಬೇತಿಯ ದಿನಗಳಲ್ಲಿ ಯುರೋಪಿನ ಒಂದು ಸಂಗ್ರಹಾಲಯದ ಉಗ್ರಾಣದೊಳಗೆ ಪಾದವಿಲ್ಲದ ದೇವರುಗಳ ಸಾಲನ್ನೇ ನೋಡಿದ್ದೆ. ನಮ್ಮ ಕಡೆಯವು, ಕಾಂಬೋಡಿಯಾದವು, ಜಾವಾದವು, ಎಲ್ಲ ಉಕ್ಕಿನ ಸರಳುಗಳ ಮೇಲೆ ನಿಂತಿದ್ದವು. ನಿಂತ ಮೂರ್ತಿಯಲ್ಲಿ ಅತಿ ತೆಳುವಾದ ಜಾಗ ಕಣಕಾಲು. ಕಳ್ಳರು ಅಲ್ಲಿಗೇ ಉಳಿ ಇಡುತ್ತಾರೆ, ಪೀಠ ಭಾರವೆಂದು ಬಿಟ್ಟು ಹೋಗುತ್ತಾರೆ. ಆ ಸಂಗ್ರಹಾಲಯಗಳು ಶುರುವಾದದ್ದು ರಾಜರ ಖಾಸಗಿ ಕೋಣೆಗಳಿಂದ, ಗೆದ್ದ ಸೇನೆಗಳು ಹೊತ್ತು ತಂದ ಗಂಟುಗಳಿಂದ. ಆಮೇಲೆ ಬೆಳೆದದ್ದು ಶ್ರೀಮಂತರು ವ್ಯಾಪಾರಿಗಳಿಂದ ಕೊಂಡು, ಹೆಸರಿಗಾಗಿ ದಾನ ಕೊಟ್ಟದ್ದರಿಂದ. ಫಲಕದ ಮೇಲೆ ದಾನಿಯ ಹೆಸರು ಇರುತ್ತದೆ, ಅದಕ್ಕೂ ಹಿಂದಿನ ಕಥೆ ಇರುವುದಿಲ್ಲ. ಈಚಿನ ವರ್ಷಗಳಲ್ಲಿ ಕೆಲವರು ತಾವಾಗಿಯೇ ‘ಇದು ನಮ್ಮಲ್ಲಿಗೆ ಹೇಗೆ ಬಂತು’ ಎಂದು ಕೇಳಿಕೊಳ್ಳತೊಡಗಿದ್ದಾರೆ. ಈ ದೇವಿ ಇದ್ದದ್ದು ಅಂಥ ಒಂದು ಕಡೆ.

ಅವರಿಗೆ ಒಂದು ಹಳೆಯ ಫೋಟೋ ಸಿಕ್ಕಿತ್ತು. ಮರದ ಕೆಳಗೆ ಅದೇ ದೇವಿ, ಪಾದಗಳೂ ಪೀಠವೂ ಸೇರಿ, ಇಡಿಯಾಗಿ. ಹಿಂಬದಿಯಲ್ಲಿ ‘ಸಿರ್ಸಿ, ಸಿದ್ದಾಪುರದ ಸೀಮೆ’ ಎಂದಷ್ಟೇ ಬರಹ. ಊರನ್ನು ತೋರಿಸಿಕೊಡಿ, ಪಾದಗಳು ಅಲ್ಲಿಯೇ ಉಳಿದಿದ್ದರೆ ಅದನ್ನು ಸಾಬೀತು ಮಾಡಿ, ಮೂರ್ತಿಯನ್ನು ಕೊಡುತ್ತೇವೆ ಎಂದಿದ್ದರು. ಬೆಂಗಳೂರಿನ ನಮ್ಮ ಸಂಗ್ರಹಾಲಯದ ನಿರ್ದೇಶಕರು ಆ ಕಡತವನ್ನು ನನ್ನ ಮೇಜಿನ ಮೇಲಿಟ್ಟು, “ನಿಮ್ಮ ಸೀಮೆಯದೇ ಅಲ್ವಾ, ಹೋಗಿ ಬನ್ನಿ” ಅಂದರು.

ಹುಲೇಕಲ್‌ನಲ್ಲಿ ನನ್ನ ಚಿಕ್ಕಮ್ಮ ಇದ್ದಾಳೆ, ಅಲ್ಲಿನ ಸೊಸೈಟಿಯಲ್ಲಿ ಕೆಲಸ. ಅವಳ ಮನೆಯಲ್ಲಿ ಉಳಿದುಕೊಂಡು, ಅರಬೈಲ್ ಕಡೆಯ ಒಬ್ಬ ಜೀಪಿನವನನ್ನು ಗೊತ್ತು ಮಾಡಿಕೊಂಡೆ. ಘಟ್ಟದಲ್ಲಿ ಕೆಟ್ಟು ನಿಂತ ಲಾರಿಗಳನ್ನು ಎಳೆಯುವುದು ಅವನ ಮುಖ್ಯ ಕಸುಬಾದ್ದರಿಂದ ಜೀಪಿನಲ್ಲಿ ಸರಪಳಿ, ರಾಟೆ ಎಲ್ಲ ಇದ್ದವು. ಸಿದ್ದಾಪುರದಿಂದ ಶುರುಮಾಡಿ ತ್ಯಾಗಲಿಯ ಸುತ್ತಿನ ಊರುಗಳಲ್ಲೆಲ್ಲ ಫೋಟೋ ಹಿಡಿದು ತಿರುಗಿದೆವು. ಒಂದು ಕಡೆ ವೀರಗಲ್ಲು ತೋರಿಸಿದರು, ಇನ್ನೊಂದು ಕಡೆ ನಾಗರಕಲ್ಲು. ಎಲ್ಲ ಕಡೆ ಚಹಾ ಕೊಟ್ಟರು. ಪಾದಗಳು ಮಾತ್ರ ಎಲ್ಲೂ ಇರಲಿಲ್ಲ.

ಕೊನೆಗೆ ಬೇಸತ್ತ ಡ್ರೈವರ್, “ಆ ಫೋಟೋ ನನ್ನ ಮೊಬೈಲಿಗೆ ಹಾಕಿ ಮೇಡಂ. ನಮ್ಮ ಗಾಡಿಯವರ ಗುಂಪಿಗೆ ಬಿಡ್ತೆ” ಅಂದ. ಮರುದಿನ ನಾವು ಸಿರ್ಸಿ ಪೇಟೆಯಲ್ಲಿ ತಿಂಡಿ ತಿನ್ನುತ್ತಿದ್ದಾಗ ಉತ್ತರ ಬಂತು. ಅನಾನಸು ಸಾಗಿಸುವ ಟೆಂಪೋದವನೊಬ್ಬ ಕಳಿಸಿದ್ದ ಧ್ವನಿ: “ಮ್ಯಾಲಿಂದು ಯಾರೋ ಏನೋ ಗೊತ್ತಿಲ್ಲಪಾ. ಕೆಳಗಿಂದು ನಮ್ಮೂರಾಗ ಐತಿ.”

ಅದು ಬನವಾಸಿ ಕಡೆಯ ಊರು. ಹೆಸರು ಬರೆಯುವುದು ಬೇಡ. ಮೂಡಣ ಸಿರ್ಸಿಯ ಆ ಭಾಗಕ್ಕೆ ಹೋದರೆ ನೆಲ ಬಯಲಾಗುತ್ತದೆ, ಗದ್ದೆ, ಗೋವಿನಜೋಳ, ಅನಾನಸು, ಮಾತೂ ಹಾವೇರಿಯ ಕಡೆಗೆ ವಾಲುತ್ತದೆ. ಕೆರೆ ದಂಡೆಯ ಮೇಲೆ, ಗೋಣಿಮರದ ಕೆಳಗೆ ಎರಡು ಪಾದಗಳಿದ್ದವು. ಬೆರಳುಗಳಲ್ಲಿ ಉಂಗುರ, ಮೇಲೆ ಕಾಲಂದುಗೆಯ ಅರ್ಧ, ಅಲ್ಲಿಗೆ ಕಲ್ಲು ಮುಗಿದಿತ್ತು. ಮುರಿದ ಜಾಗವೆಲ್ಲ ಅರಿಸಿನ, ಕುಂಕುಮ, ಎಣ್ಣೆ ಕೂಡಿ ಮೇಣದಂತೆ ಗಟ್ಟಿಯಾಗಿತ್ತು. ಗದ್ದೆಗೆ ಹೊರಟ ಹೆಂಗಸರು ಬಗ್ಗಿ ಆ ಬೆರಳುಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು. ಊರು ಅವಳನ್ನು ಕರೆಯುತ್ತಿದ್ದದ್ದು ಪಾದದಮ್ಮ ಎಂದು. ಮೂರ್ತಿ ಕಳುವಾದ ಮೇಲೆ ಹುಟ್ಟಿದವರೇ ಊರಲ್ಲಿ ಹೆಚ್ಚು. ಅವರಿಗೆ ಅಮ್ಮನೆಂದರೆ ಪಾದಗಳೇ.

ಊರಿನ ಯಜಮಾನರು ಅನಾನಸು ಬೆಳೆಗಾರರು, ಅಳೆದು ಮಾತಾಡುವ ಮನುಷ್ಯ. ಜೊತೆಗೆ ಒಬ್ಬ ಹೆಂಗಸು ಬಂದಳು. ದಿನಾ ಬೆಳಿಗ್ಗೆ ಕೆರೆಯಿಂದ ನೀರು ತಂದು ಪಾದಗಳಿಗೆ ಹಾಕುವುದು ಅವಳ ಮನೆತನದ ಪಾಳಿ. ಬಸ್‌ಸ್ಟ್ಯಾಂಡಿನ ಹತ್ತಿರ ಅವಳದೊಂದು ಚಹಾದಂಗಡಿ. ಊರೆಲ್ಲ ಅವಳನ್ನು ಅಕ್ಕ ಅನ್ನುತ್ತಿತ್ತು, ನಾನೂ ಹಾಗೇ ಕರೆದೆ. ನಾನು ತೋರಿಸಿದ ಫೋಟೋವನ್ನು ಅವಳು ಬಹಳ ಹೊತ್ತು ನೋಡಿದಳು.

“ಇಷ್ಟ ಚೆಂದ ಇದ್ದಳೇನ್ರಿ ಇಕಿ,” ಅಂದಳು.

ಪಾದಗಳ ಮುರಿದ ಭಾಗದ ಅಚ್ಚು ತೆಗೆಯಬೇಕು, ಅದಕ್ಕೆ ಮೊದಲು ಅಲ್ಲಿನ ಅರಿಸಿನ ಕುಂಕುಮದ ಪದರ ತೆಗೆಯಬೇಕು ಎಂದೆ. ಯಜಮಾನರು ತಲೆಯಾಡಿಸಿದರು. “ಬ್ಯಾಡ್ರಿ. ನಮ್ಮ ಅಜ್ಜ ಮುತ್ತ್ಯಾ ಹಚ್ಚಿದ್ದು ಅದರಾಗ ಐತಿ. ನಮಗ ಪಾದನ ಸಾಕು. ಮ್ಯಾಲಿಂದು ಎಲ್ಲೆ ಐತೋ ಅಲ್ಲೇ ಸುಖವಾಗಿರಲಿ.”

ಆಗ ನಾನು ಹೇಳಿದೆ: “ಅಚ್ಚು ತಾಳೆಯಾದ್ರೆ ಅಮ್ಮ ಮನೆಗೆ ಬರ್ತಾಳೆ.”

ಹಾಗೆ ಹೇಳುವ ಅಧಿಕಾರ ನನಗಿರಲಿಲ್ಲ. ದೇಶಕ್ಕೆ ಬರುವುದು ಬೇರೆ, ಈ ಮರದ ಕೆಳಗೆ ಬರುವುದು ಬೇರೆ ಎಂಬುದನ್ನು ನಾನು ಆ ಕ್ಷಣ ಬಿಡಿಸಿ ಯೋಚಿಸಲಿಲ್ಲ. ಕೆಲಸ ಆಗಬೇಕಿತ್ತು, ಆ ಮಾತು ಬಾಯಿಗೆ ಬಂತು, ಆಡಿದೆ. ಅಕ್ಕ ಯಜಮಾನರ ಮುಖ ನೋಡಿದಳು. “ಮನಿಗೆ ಬರ್ತಾಳ ಅಂತಾರಲ್ರಿ,” ಅಂದಳು. ಅವರು ಕೊನೆಗೆ, “ಒಂದ ಮಾತು. ತೆಗೆದ ಅರಿಸಿನ ಚೆಲ್ಲಬ್ಯಾಡ್ರಿ,” ಅಂದರು. ಮೃದುವಾದ ಮರದ ಕಡ್ಡಿಯಿಂದ ಕೆರೆದು ತೆಗೆದ ಆ ಪದರವನ್ನು ಅಕ್ಕ ತಾನೇ ಹಿತ್ತಾಳೆಯ ಬಟ್ಟಲಲ್ಲಿ ತುಂಬಿಟ್ಟುಕೊಂಡಳು.

ಮೊದಲ ಅಚ್ಚು ಕೆಟ್ಟಿತು. ಮುರಿದ ಮೇಲ್ಮೈಯ ಸುತ್ತ ಜೇಡಿಯ ಕಟ್ಟೆ ಕಟ್ಟಿ, ದ್ರವರೂಪದ ಸಿಲಿಕೋನ್ ರಬ್ಬರನ್ನು ತೆಳ್ಳಗೆ ಸುರಿದು, ನಡುವೆ ಮಸ್ಲಿನ್ ಬಟ್ಟೆ ಕೂರಿಸಿ, ಮೇಲೆ ಗಟ್ಟಿ ಕವಚಕ್ಕೆಂದು ಪ್ಲಾಸ್ಟರ್ ಹಾಕುವುದು ಕ್ರಮ. ನಡುಭಾಗ ಸರಿಯಾಗಿ ಬಿಗಿಯಿತು. ಅಂಚೆಲ್ಲ ಅಂಟಂಟಾಗಿ ಬೆಲ್ಲದ ಪಾಕದಂತೆ ಉಳಿಯಿತು. ತಾಳೆ ನೋಡಲು ಬೇಕಾದದ್ದೇ ಅಂಚು. ನಾನು ತಂದಿದ್ದ ಕೃತಕ ಜೇಡಿಯಲ್ಲಿ ಗಂಧಕವಿತ್ತು, ಈ ಬಗೆಯ ರಬ್ಬರು ಗಂಧಕ ತಾಗಿದಲ್ಲಿ ಗಟ್ಟಿಯಾಗುವುದಿಲ್ಲ. ಗೊತ್ತಿದ್ದ ವಿಷಯವೇ, ಅವಸರದಲ್ಲಿ ಡಬ್ಬಿಯ ಮೇಲಿನ ಚೀಟಿ ಓದಿರಲಿಲ್ಲ. ಕಲ್ಲಿಗೆ ಹತ್ತಿದ ಅಂಟನ್ನು ಹತ್ತಿಯ ಉಂಡೆಯಲ್ಲಿ ಒರೆಸುತ್ತ ಕೂತಾಗ ಊರಿನವರು ಸುತ್ತ ನಿಂತು ನೋಡುತ್ತಿದ್ದರು. ಅಕ್ಕ, “ಅಮ್ಮಗ ಮನಸಿಲ್ಲೇನೋ” ಎಂದು ಮೆಲ್ಲಗೆ ಅಂದಳು. “ಇಲ್ಲಕ್ಕಾ, ತಪ್ಪು ನನ್ನದು,” ಅಂದೆ.

ಸಿರ್ಸಿಯಲ್ಲಿ ಜೇನುಮೇಣಕ್ಕೆ ಬರವಿಲ್ಲ. ಜೇಡಿಯ ಬದಲು ಜೇನುಮೇಣದಿಂದ ಕಟ್ಟೆ ಕಟ್ಟಿದೆ. ಮಳೆ ಬರುವ ಸೂಚನೆ ಕಂಡು ಡ್ರೈವರ್ ಜೀಪಿನ ತಾಡಪಾಲನ್ನು ಮರಕ್ಕೆ ಬಿಗಿದ. ಈ ಸಲ ರಬ್ಬರು ಅಂಚಿನವರೆಗೂ ಗಟ್ಟಿಯಾಯಿತು. ಎತ್ತಿ ಬೆಳಕಿಗೆ ಹಿಡಿದಾಗ ಎಡ ಹಿಮ್ಮಡಿಯ ಮೇಲೆ ಚಕ್ಕೆಯೆದ್ದ ಗುಳಿ, ಉಳಿ ಜಾರಿದ ಗೀರು, ಎಲ್ಲ ಸ್ಪಷ್ಟವಾಗಿ ಮೂಡಿದ್ದವು. ಅಂದು ಹೊರಡುವ ಮುನ್ನ ಅಕ್ಕ ಬಟ್ಟಲಿನ ಹಳೆಯ ಅರಿಸಿನವನ್ನು ನೀರಲ್ಲಿ ಕಲಸಿ ಮತ್ತೆ ಪಾದಗಳಿಗೆ ಹಚ್ಚಿದಳು.

ಅಚ್ಚಿನಿಂದ ತೆಗೆದ ಪ್ರತಿಯನ್ನು ಪರದೇಶಕ್ಕೆ ಕಳಿಸಿದೆವು. ಅವರು ವಿಡಿಯೋ ಕರೆಯಲ್ಲಿ, ನಮ್ಮ ಕಣ್ಣೆದುರೇ, ಅದನ್ನು ಮೂರ್ತಿಯ ಕೆಳಗೆ ಇಟ್ಟರು. ಗುಳಿಗೆ ಗುಳಿ, ಗೀರಿಗೆ ಗೀರು ಕೂತಿತು. ಆ ಕಡೆಯ ಕ್ಯುರೇಟರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ಕೂಡಲೇ ಊರಿಗೆ ಫೋನು ಮಾಡಿದೆ. ಯಜಮಾನರು, “ಬರಾಕ ಏನೇನ ವ್ಯವಸ್ಥಾ ಮಾಡಬೇಕ್ರಿ ನಾವು?” ಎಂದು ಕೇಳಿದರು. ಬಯಲಲ್ಲಿ ಇಟ್ಟರೆ ಮತ್ತೆ ಕಳುವಾದೀತು, ಭದ್ರ ಕಟ್ಟಡ ಇರಬೇಕಾಗುತ್ತದೆ ಎಂದು ನಾನೇ ಹೇಳಿದೆ. ಕೆಲವು ವಾರಗಳಲ್ಲಿ ಫೋಟೋ ಬಂತು. ಪಾದಗಳ ಸುತ್ತ ಗೋಡೆ, ಮೇಲೆ ಹೆಂಚು, ಮುಂದೆ ಕಬ್ಬಿಣದ ಗ್ರಿಲ್ ಬಾಗಿಲು. ಮೂರ್ತಿಯ ಎತ್ತರಕ್ಕೆ ಸರಿಹೋಗಲೆಂದು ಹೆಂಚಿನ ಮಾಡನ್ನು ಎತ್ತರಿಸಿದ್ದರು. ಎಲ್ಲ ಊರಿನವರೇ ಕೈಮುಟ್ಟಿ ಮಾಡಿದ ಕೆಲಸ.

ಆ ಫೋಟೋವನ್ನು ನಿರ್ದೇಶಕರಿಗೆ ತೋರಿಸಿದೆ. ಅವರು ನೋಡಿ, ಮೊಬೈಲನ್ನು ನಿಧಾನವಾಗಿ ನನ್ನ ಕಡೆ ತಳ್ಳಿದರು.

“ಇದನ್ನು ಕಟ್ಟೋಕೆ ಯಾರು ಹೇಳಿದ್ರು?”

“ನಾನೇ ಸರ್.”

“ಮೂರ್ತಿ ಇಲ್ಲಿ, ನಮ್ಮ ಸಂಗ್ರಹಾಲಯದಲ್ಲಿ ಇರತ್ತೆ. ಮತ್ತೆ ಕಳುವಾದ್ರೆ ಯಾರು ಉತ್ತರ ಕೊಡ್ತಾರೆ? ಕೊಟ್ಟೋರು ಏನಂದ್ಕೊಳ್ತಾರೆ?” ಕಡತ ತೆರೆದು ಮತ್ತೆ ಹೇಳಿದರು. “ಇನ್ನೊಂದು ವಿಷಯ. ಪಾದ ಸಿಕ್ಕಿರುವಾಗ ಪಾದವಿಲ್ಲದ ಮೂರ್ತಿ ಪ್ರದರ್ಶಿಸೋದು ಚೆನ್ನಾಗಿರಲ್ಲ. ಪಾದಗಳನ್ನೂ ತರಬೇಕು ಅಂತ ಆದೇಶ ಆಗಿದೆ.”

ನಾನು ಎದುರು ಮಾತಾಡಿದೆ. ಅವರು ಕೆಟ್ಟವರಲ್ಲ, ಪೂರ್ತಿ ಕೇಳಿಸಿಕೊಂಡರು. ಕೊನೆಗೆ, “ನೀವೇ ಹೋಗಿ. ನಿಮ್ಮನ್ನ ಅವರು ನಂಬ್ತಾರೆ. ಜೋಡಿಸೋಕೆ ಒಯ್ತೀವಿ ಅಂತ ಹೇಳಿ, ಅದು ಸುಳ್ಳಲ್ಲವಲ್ಲ,” ಅಂದರು.

ನಾನು ಹೋದೆ. ಆಗಲ್ಲ ಎನ್ನಬಹುದಿತ್ತು. ನಾನು ಒಲ್ಲೆ ಎಂದರೆ ಪೊಲೀಸರನ್ನು ಕರೆದುಕೊಂಡು ಇನ್ಯಾರೋ ಹೋಗುತ್ತಾರೆ, ಹಾರೆಯಿಂದ ಮೀಟಿ ಬೆರಳು ಮುರಿಯುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ನಿಜವೇ ಇರಬಹುದು.

ಹುಲೇಕಲ್‌ನಲ್ಲಿ ಚಿಕ್ಕಮ್ಮ ದೋಸೆ ಹೊಯ್ಯುತ್ತ ನನ್ನ ಮುಖ ನೋಡಿದಳು. “ಎಂತ ಆತೇ? ಮುಖ ಸಣ್ಣ ಆಜು.”

ವಿಷಯ ಹೇಳಿದೆ. ಅವಳು ಸೌಟು ಕೆಳಗಿಟ್ಟಳು. “ಅವ್ಕೆ ಇದು ಗೊತ್ತಿದ್ದನೇ?”

“ಗೊತ್ತಿಲ್ಲೆ.”

“ನೀ ಹೇಳ್ತ್ಯಾ?”

“ಹೇಳ್ತೆ,” ಅಂದೆ.

ಆದರೆ ಬೆಳಿಗ್ಗೆ ಊರು ಮುಟ್ಟಿದಾಗ ಹೇಳಲಿಲ್ಲ. ಜೀಪು ಕಂಡ ಕೂಡಲೇ ಜನ ಕೆರೆ ದಂಡೆಗೆ ಬಂದರು. ಗೋಡೆಗೆ ಹೊಸ ಸುಣ್ಣ, ಗ್ರಿಲ್ಲಿಗೆ ಹಸಿರು ಬಣ್ಣ. “ಬರ್ರಿ ಬರ್ರಿ,” ಎಂದು ಯಜಮಾನರು ಕೈ ಹಿಡಿದೇ ಕರೆದೊಯ್ದರು. ಪಾದಗಳನ್ನು ಒಯ್ಯಬೇಕಾಗಿದೆ ಎಂದಷ್ಟೇ ಫೋನಿನಲ್ಲಿ ತಿಳಿಸಿದ್ದೆ, ಏಕೆ ಎಂದು ಈಗ ಕೇಳಿದರು. “ಮೂರ್ತಿಗೆ ಜೋಡಿಸೋಕೆ,” ಅಂದೆ. “ಹೌದಲ್ರಿ, ಇಲ್ಲೆ ಹೆಂಗ ಜೋಡಸಾಕ ಬರ್ತೈತಿ,” ಎಂದು ಅವರೇ ಊರಿನವರಿಗೆ ವಿವರಿಸಿದರು. ಅಕ್ಕನ ಅಂಗಡಿಯಲ್ಲಿ ಉಪ್ಪಿಟ್ಟು, ಅವಲಕ್ಕಿ. ತಿಂದೆ. ತಿನ್ನುವಾಗ ಒಂದು ಸಲ ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಇನ್ನೊಂದು ಸೌಟು ಬಡಿಸಿದಳು. ಕೆಲಸ ಮುಗಿಯಲಿ, ಹೊರಡುವಾಗ ಹೇಳೋಣ ಅಂದುಕೊಂಡೆ.

ಕೆಲಸ ಹಿಡಿದರೆ ನನಗೆ ಬೇರೇನೂ ನೆನಪಿಗೆ ಬರುವುದಿಲ್ಲ. ಅಂದು ಅದರ ಹಿಂದೆ ಅಡಗಿಕೊಂಡೆ. ಪೀಠದ ಸುತ್ತಲಿನ ಮಣ್ಣನ್ನು ಕೈಯಿಂದಲೇ ಬಿಡಿಸಿದೆ. ಪೀಠ ಎಣಿಸಿದ್ದಕ್ಕಿಂತ ಆಳಕ್ಕಿತ್ತು, ಕೆಳಗೆ ಚಪ್ಪಡಿಗಳನ್ನು ಹಾಸಿ ಕೂರಿಸಿದ್ದರು. ಬೆರಳುಗಳಿಗೆ ತೆಳು ಕಾಗದ, ಮೇಲೆ ಹತ್ತಿ, ಅದರ ಮೇಲೆ ಸ್ಪಂಜು ಸುತ್ತಿದೆ. ಡ್ರೈವರ್ ಮುಕ್ಕಾಲಿ ನಿಲ್ಲಿಸಿ ರಾಟೆ ಕಟ್ಟಿದ. ಅಗಲದ ಪಟ್ಟಿಗಳನ್ನು ಪೀಠದ ಅಡಿಗೆ ತೂರಿಸಿ, ಭಾರ ಒಂದೇ ಕಡೆ ಬೀಳದಂತೆ ಸರಿದೂಗಿಸಿದೆವು. ಸರಪಳಿ ಬಿಗಿಯಾಯಿತು. ಪೀಠ ನೆಲದಿಂದ ಬಿಟ್ಟುಕೊಂಡು ಒಂದು ಗೇಣು ಮೇಲೆದ್ದಿತು.

“ತಡೀರಿ,” ಅಂದಳು ಅಕ್ಕ. “ಹಂಗ ಬರಿದ ಕಳಸಬಾರ್ದು.”

ಹೆಂಗಸರು ಮೊರ ಹಿಡಿದು ಬಂದರು. ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಅರಿಸಿನದ ಕೊಂಬು, ಹಸಿರು ಬಣ್ಣದ ರವಿಕೆ ಖಣ. ತವರಿಂದ ಹೊರಟ ಮಗಳಿಗೆ ತುಂಬುವ ಹಾಗೆ ಪಾದಗಳ ಮುಂದೆ, ಸ್ಪಂಜಿನ ಮೇಲೆಯೇ, ಉಡಿ ತುಂಬಿದರು. ಆಮೇಲೆ ಅಕ್ಕ ನನ್ನ ಕಡೆ ತಿರುಗಿದಳು. “ವೇಲು ಹಿಡೀರಿ. ಅಮ್ಮನ್ನ ಕರಕೊಂಡ ಬರಾಕಿ ನೀವು, ನಿಮಗೂ ತುಂಬಬೇಕು.”

ನಾನು ವೇಲು ಒಡ್ಡಿದೆ. ಅವಳು ಎರಡೂ ಕೈಯಿಂದ ಅಕ್ಕಿ ಹಾಕಿದಳು, ಕಾಯಿ ಇಟ್ಟಳು, ಹಣೆಗೆ ಕುಂಕುಮ ಹಚ್ಚಿದಳು. “ಲಗೂ ಕರಕೊಂಡ ಬರ್ರಿ,” ಅಂದಳು. “ದೀಪ ಹಚ್ಚಿ ಇಟ್ಟಿರ್ತೀನಿ.”

ಉಡಿಯ ಭಾರ ಹಿಡಿದು ನಿಂತಿದ್ದ ನನಗೆ ಇನ್ನು ಸಾಧ್ಯವಾಗಲಿಲ್ಲ.

“ಅಕ್ಕಾ, ಇವು ವಾಪಸ್ ಬರೋದಿಲ್ಲ.”

“ಏನಂದ್ರಿ?”

“ಪಾದ ವಾಪಸ್ ಬರೋದಿಲ್ಲ. ಮೂರ್ತಿನೂ ಇಲ್ಲಿಗೆ ಬರೋದಿಲ್ಲ. ಜೋಡಿಸಿ ಅಲ್ಲೇ, ಬೆಂಗಳೂರಲ್ಲೇ ಇಡ್ತಾರೆ. ಹಾಗಂತ ಆದೇಶ ಆಗಿದೆ.”

ಸರಪಳಿ ಹಿಡಿದಿದ್ದ ಡ್ರೈವರ್ ನನ್ನನ್ನೇ ನೋಡಿದ. ಅವನಿಗೂ ನಾನು ಹೇಳಿರಲಿಲ್ಲ. ಯಜಮಾನರು ಒಂದು ಹೆಜ್ಜೆ ಮುಂದೆ ಬಂದರು. “ಜೋಡಸಾಕ ಒಯ್ತೀವಿ ಅಂದ್ರಲ್ರಿ ಮುಂಜಾನಿ?”

“ಅಷ್ಟೇ ಹೇಳಿದೆ. ಉಳಿದದ್ದು ಹೇಳಲಿಲ್ಲ.”

ಅಕ್ಕನ ಕೈಯಲ್ಲಿ ಕುಂಕುಮದ ಬಟ್ಟಲು ಹಾಗೇ ಇತ್ತು. “ನೀವು ಮುಂಜಾನಿ ಬರೂವಾಗ ಇದು ಗೊತ್ತಿತ್ತೇನ್ರಿ ನಿಮಗ?”

“ಗೊತ್ತಿತ್ತು.”

“ನಾಷ್ಟಾ ಮಾಡೂವಾಗ?”

“ಗೊತ್ತಿತ್ತು.”

ಅವಳು ಬಟ್ಟಲನ್ನು ಮೊರದಲ್ಲಿಟ್ಟಳು. ಯಾರಾದರೂ ಕೂಗಾಡಿದ್ದರೆ, ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ. ಹಿಂದೆ ನಿಂತಿದ್ದ ಹೆಂಗಸೊಬ್ಬಳು, “ಅಚ್ಚ ತಗೀದ ಇದ್ದಿದ್ರ ಇವು ಯಾರಿಗೂ ಬೇಕಾಗಿದ್ದಿಲ್ಲ,” ಎಂದು ಪಕ್ಕದವಳಿಗೆ ಹೇಳಿದ್ದು ಕೇಳಿಸಿತು. ಲೆಕ್ಕ ಸರಿಯಾಗಿತ್ತು.

ಯಜಮಾನರು ಡ್ರೈವರಿಗೆ, “ಇಳಸಪಾ ತಮ್ಮಾ, ಸಾವಕಾಶ,” ಅಂದರು. ಅವನು ನನ್ನ ಅಪ್ಪಣೆಗೆ ಕಾಯಲಿಲ್ಲ, ನಾನೂ ತಡೆಯಲಿಲ್ಲ. ಪೀಠ ತನ್ನ ಗುಂಡಿಯಲ್ಲಿ ಇಳಿದು ಕೂತಿತು. ಉಡಿಯನ್ನು ಮೊರಕ್ಕೆ ಸುರಿಯಲು ಹೋದೆ. ಅಕ್ಕ ಮೊರ ಹಿಂದಕ್ಕೆ ಎಳೆದುಕೊಂಡಳು. “ಉಡಿ ತುಂಬಿದ್ದು ವಾಪಸ್ ತಗೊಳ್ಳಂಗಿಲ್ರಿ.” ವೇಲಿನ ತುದಿಗಳನ್ನು ಗಂಟು ಹಾಕಿಕೊಂಡು, ಪಾದಗಳಿಗೆ ಸುತ್ತಿದ್ದ ಸ್ಪಂಜು, ಹತ್ತಿ, ಕಾಗದ ಬಿಚ್ಚಿದೆ, ಮಣ್ಣು ತುಂಬಿ ಬಿಗಿ ಮಾಡಿದೆ. ಮಂಡಿಯೂರಿ ಮಾಡುವ ಕೆಲಸವಾದ್ದರಿಂದ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ.

ಏಳುವಾಗ ಯಜಮಾನರು ಹೇಳಿದರು, “ಊಟ ಮಾಡಿ ಹೋಗ್ರಿ. ಅಡಗಿ ಆಗೇತಿ.” ಅಮ್ಮನನ್ನು ಕಳಿಸಿಕೊಡಲೆಂದು ಊರಿಗೆಲ್ಲ ಹೋಳಿಗೆ ಮಾಡಿದ್ದರು. ಡ್ರೈವರ್ ಒಲ್ಲೆನೆಂದು ಜೀಪಿನಲ್ಲಿ ಕೂತ. ಬೇಡವೆನ್ನುವ ಧೈರ್ಯ ನನಗಿರಲಿಲ್ಲ. ಪಂಕ್ತಿಯಲ್ಲಿ ಕೂತು ಉಂಡೆ. ಎರಡನೇ ಸಲವೂ ಬಡಿಸಿದರು. ಪಕ್ಕದವರು ಅನಾನಸಿನ ಬಗ್ಗೆ, ಕೆರೆಯ ನೀರಿನ ಬಗ್ಗೆ ಮಾತಾಡಿಕೊಂಡರು. ನನ್ನ ಬದುಕಿನಲ್ಲಿ ಅಷ್ಟು ಕಷ್ಟಪಟ್ಟು ಯಾವ ಊಟವನ್ನೂ ನುಂಗಿದ್ದಿಲ್ಲ.

ದಾರಿಯಲ್ಲಿ, ಸಿರ್ಸಿ ಹತ್ತಿರವಾದಾಗ ಡ್ರೈವರ್, “ಮೊದ್ಲೇ ಹೇಳಿದ್ರೆ ನಾ ರಾಟೆ ಕಟ್ತಿರ್ಲಿಲ್ಲ ಮೇಡಂ,” ಅಂದ. “ಅದಕ್ಕೇ ಹೇಳಲಿಲ್ಲ ಅನಿಸತ್ತೆ,” ಅಂದೆ. ಅವನು ತಲೆಯಾಡಿಸಿದ.

ನಿರ್ದೇಶಕರಿಗೆ ಆದದ್ದನ್ನು ಆದ ಹಾಗೇ ಹೇಳಿದೆ. ಕಾರಣ ಕೇಳಿ ಬರೆದರು, ಉತ್ತರ ಕೊಟ್ಟೆ. “ನೀವು ಮಾಡಿದ್ದು ಸರಿ ಅನಿಸತ್ತಾ ನಿಮಗೆ?” ಎಂದು ಒಮ್ಮೆ ಕೇಳಿದರು. “ತಡವಾಗಿ ಮಾಡಿದೆ ಸರ್,” ಅಂದೆ. ಅವರು ಆ ಆದೇಶವನ್ನು ರದ್ದು ಮಾಡಲಿಲ್ಲ, ಜಾರಿಯನ್ನೂ ಮಾಡಲಿಲ್ಲ, ಕಡತದ ಅಡಿಯಲ್ಲಿ ಇಟ್ಟರು. ಅವರ ಜಾಗಕ್ಕೆ ಇನ್ನೊಬ್ಬರು ಬಂದರೆ ಅದು ಮೇಲೆ ಬರಬಹುದು. ಹೊರಗಿನ ಕೆಲಸಕ್ಕೆ ನನ್ನನ್ನು ಕಳಿಸುವುದು ನಿಂತಿತು.

ಮೂರ್ತಿ ಬಂತು. ಪೆಟ್ಟಿಗೆ ತೆರೆದವಳು ನಾನೇ. ಅಕ್ಕ ಹೇಳಿದ ಹಾಗೆ, ನಿಜಕ್ಕೂ ಚೆಂದವಿದ್ದಾಳೆ. ಪಾದಗಳಿಲ್ಲದೆ ಪ್ರದರ್ಶಿಸುವುದು ಬೇಡವೆಂದಾಗ, ಊರಲ್ಲಿ ತೆಗೆದಿಟ್ಟುಕೊಂಡಿದ್ದ ಪೂರ್ತಿ ಪಾದಗಳ ಫೋಟೋ, ಅಳತೆಗಳ ಜೊತೆ ನನ್ನ ಆ ಅಚ್ಚು ಉಪಯೋಗಕ್ಕೆ ಬಂತು. ರಾಳದಲ್ಲಿ ಕಲ್ಲಿನ ಪುಡಿ ಬೆರೆಸಿ ಎರಡು ಪಾದ ಎರಕ ಹೊಯ್ದೆ. ಬಣ್ಣ ಹೊಂದಿಸಿದೆ, ಉಂಗುರಗಳನ್ನು ಕೆತ್ತಿದೆ. ಅವು ಪ್ರತಿಕೃತಿ, ಮೂಲ ಪಾದಗಳು ಊರಿನಲ್ಲಿ ಪೂಜೆಗೊಳ್ಳುತ್ತಿವೆ ಎಂದು ಫಲಕದಲ್ಲಿ ಒಂದು ಸಾಲು ಸೇರಿಸಲು ಒಪ್ಪಿದರು. ಆ ಸಾಲು ಓದುವವರು ಕಡಿಮೆ. ಮೂರ್ತಿಯನ್ನು ನೋಡಿದವರಿಗೆ ಎಲ್ಲಿ ಕಲ್ಲು ಮುಗಿದು ಎಲ್ಲಿ ನನ್ನ ರಾಳ ಶುರುವಾಗುತ್ತದೆಂದು ಗೊತ್ತಾಗುವುದಿಲ್ಲ. ಅಷ್ಟು ನಾಜೂಕಾಗಿ ಮಾಡಿದ್ದೇನೆ.

ಮೂರ್ತಿಯ ದೊಡ್ಡದೊಂದು ಫೋಟೋ ಮಾಡಿಸಿ, ರಜೆ ಹಾಕಿ, ಒಮ್ಮೆ ಊರಿಗೆ ಹೋದೆ. ಸಿರ್ಸಿಯಿಂದ ಬಸ್ಸಿನಲ್ಲಿ, ಒಬ್ಬಳೇ. ಅಕ್ಕ ಅಂಗಡಿಯಲ್ಲಿದ್ದಳು. “ಬರ್ರಿ,” ಅಂದಳು, ಫೋಟೋವನ್ನು ಎರಡು ಕೈಯಲ್ಲಿ ತೆಗೆದುಕೊಂಡಳು, ನೋಡಿದಳು, ಗೋಡೆಗೆ ಒರಗಿಸಿಟ್ಟಳು. ನನ್ನ ಜೊತೆ ಕೆರೆ ದಂಡೆಯವರೆಗೂ ಬಂದಳು.

ಗ್ರಿಲ್ ಬಾಗಿಲಿಗೆ ಅಂಗೈಯಗಲದ ಬೀಗ ಬಿದ್ದಿತ್ತು. ಒಳಗೆ ಪಾದಗಳು, ತಾಜಾ ಅರಿಸಿನ, ದಾಸವಾಳ. ಮೂರ್ತಿಗೆಂದು ಎತ್ತರಿಸಿದ ಮಾಡಿನ ಕೆಳಗೆ ಅವು ಹಿಂದಿಗಿಂತ ಸಣ್ಣವಾಗಿ ಕಂಡವು. ಗದ್ದೆಗೆ ಹೊರಟ ಹುಡುಗಿಯೊಬ್ಬಳು ಬಂದು ಸರಳುಗಳ ನಡುವೆ ಕೈ ತೂರಿದಳು. ಪಾದ ಎಟುಕಲಿಲ್ಲ. ಸರಳನ್ನೇ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದಳು.

“ಮೊದಲು ಬಾಗಿಲು ಇದ್ದಿದ್ದಿಲ್ಲ,” ಅಂದಳು ಅಕ್ಕ, ಅದು ನನಗೆ ಗೊತ್ತಿಲ್ಲವೆಂಬಂತೆ. “ಈಗ ಜನಕ್ಕ ಅಂಜಿಕಿ. ಯಾವ ಗಾಡಿ ಬಂದ್ರೂ ಎದ್ದು ನೋಡ್ತಾರ.” ಆಮೇಲೆ ಕೇಳಿದಳು, “ಅಲ್ಲೆ ಅಮ್ಮಗ ನೀರ ಹಾಕ್ತಾರೇನ್ರಿ?”

“ಇಲ್ಲಕ್ಕಾ. ನೀರು ಹಾಕೋ ಹಾಗಿಲ್ಲ. ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೀತೀವಿ.”

“ಯಾರು?”

“ನಾನೇ.”

ಅವಳು ಕೆರೆಯ ಕಡೆ ನೋಡಿದಳು. ನಾನು ಗ್ರಿಲ್ ಹಿಡಿದು ನಿಂತಿದ್ದೆ. “ಒಂದ್ಸಲ ಒಳಗೆ ಹೋಗಿ ನಮಸ್ಕಾರ ಮಾಡಬಹುದಾ?” ಎಂದು ಕೇಳಿದೆ.

“ಕೀಲಿ ಯಜಮಾನ್ರ ಹಂತೇಕ ಐತ್ರಿ,” ಅಂದಳು ಅಕ್ಕ. “ಅವರು ಪ್ಯಾಟಿಗೆ ಹೋಗ್ಯಾರ.”

ಬೆಳಿಗ್ಗೆ ನೀರು ಹಾಕಿ, ಹೂವಿಟ್ಟು ಬಂದವಳು ಅವಳೇ. ಸೆರಗಿನ ತುದಿಯ ಗಂಟಿನಿಂದ ಕೀಲಿಯ ಹಿತ್ತಾಳೆಯ ತಲೆ ಹೊರಗೆ ಕಾಣುತ್ತಿತ್ತು. ನಾನು ನೋಡಿದ್ದನ್ನು ಅವಳೂ ನೋಡಿದಳು. ಸೆರಗನ್ನು ಮುಚ್ಚಿಕೊಳ್ಳಲಿಲ್ಲ.

“ಇರ್ಲಿ ಬಿಡಿ ಅಕ್ಕಾ,” ಅಂದೆ.

“ಚಾ ಕುಡದ ಹೋಗ್ರಿ,” ಎಂದು ಅವಳು ಮುಂದೆ ನಡೆದಳು. ಬಸ್ಸು ಬರುವವರೆಗೆ ಅವಳ ಅಂಗಡಿಯಲ್ಲಿ ಕೂತು ಚಹಾ ಕುಡಿದೆ.